ಹವಾಮಾನದ ಚೀಟಿಗೆ ದೇವರ ಜವಾಬು

ಮೈಕು ಕಟ್ಟಿಕೊಂಡು ಓಣಿ ಓಣಿ ತಿರುಗುವವನು ವಾದ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಕೈ ಮಾಡಿ ಗಾಡಿ ನಿಲ್ಲಿಸುತ್ತವೆ. ನನ್ನದು ಕಿತ್ತೂರು. ಮೂರು ಗಾಲಿಯ ಒಂದು ಟಂಟಂ, ಮೇಲೆ ಎರಡು ಸ್ಪೀಕರು. ಯಾರು ಏನು ಬರೆದುಕೊಟ್ಟರೂ ಓದುತ್ತೇನೆ: ಸೀರೆ ಸೇಲು, ಕುಸ್ತಿ, ಕಳೆದುಹೋದ ಎಮ್ಮೆ. ಹೋದ ಬೇಸಿಗೆಯಲ್ಲಿ ಒಂದು ಸಂಘದವರು ಹೊಸ ಚೀಟಿ ಕೊಟ್ಟರು. “ಮನುಷ್ಯ ಬಿಟ್ಟ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ. ಮಳೆ ದಾರಿ ತಪ್ಪಿದೆ. ಗಿಡ ಹಚ್ಚಿರಿ. ಹೊಳೆದಂಡೆಯವರು ಹೇಳಿದ ಕೂಡಲೇ ಮನೆ ಬಿಡಿರಿ.”

ಎಮ್ಮೆ ಕಳೆದಿದೆ ಎಂದು ಕೂಗಿದಾಗ ‘ಕಳೆದಿಲ್ಲ’ ಎಂದು ಯಾರೂ ವಾದಿಸಿರಲಿಲ್ಲ. ಈ ಚೀಟಿಗೆ ಮಾತ್ರ ಎಲ್ಲರೂ ದೇವರನ್ನೇ ಸಾಕ್ಷಿಗೆ ಕರೆತಂದರು.

ಬೈಲಹೊಂಗಲದ ಕೂಲರು

ಪೇಟೆಯಲ್ಲಿ ಪಂಚಾಂಗ ಹೇಳುವ ಹಿರಿಯರೊಬ್ಬರು ಗಾಡಿಗೆ ಅಡ್ಡ ಬಂದರು.

“ಏನೋ ತಮ್ಮಾ, ಜಗತ್ತು ಮುಳುಗೂ ಹಂಗ ಒದರಾಕ ಹತ್ತೀಯಲ್ಲ. ಕಲಿಯುಗ ಮುಗಿಯಾಕ ಇನ್ನೂ ನಾಲ್ಕು ಲಕ್ಷ ಚಿಲ್ಲರ ವರ್ಷ ಅದಾವ. ಶಾಸ್ತ್ರದಾಗ ಬರದೈತಿ. ಅಲ್ಲೀತನಕ ಭೂಮಿಗೆ ಏನೂ ಆಗೂದಿಲ್ಲ.”

“ಇದು ನನ್ನ ಮಾತಲ್ರಿ ಆಚಾರ್ರ, ಚೀಟೀದು,” ಎಂದೆ. ಅವರು ಕೇಳಲಿಲ್ಲ. ಅರ್ಧ ತಾಸು ಯುಗಗಳ ಪಾಠ ಮಾಡಿದರು. ಆಮೇಲೆ ಎದುರಿನ ಅಂಗಡಿಯಿಂದ ಹೊಸ ಕೂಲರೊಂದನ್ನು ಹೊರಿಸಿಕೊಂಡು ಬಂದು ನನ್ನ ಗಾಡಿಯಲ್ಲೇ ಇಡಿಸಿದರು. ಬಿಸಿಲು ಸುಡುತ್ತಿತ್ತು.

“ಜಲ್ದಿ ಹೊಡಿಯೋ ತಮ್ಮಾ, ಸೆಕಿಗೆ ಜೀವ ಹೋಗಾಕ ಹತ್ತೈತಿ.”

“ಅವಸರ ಯಾಕ್ರಿ? ಇನ್ನೂ ನಾಲ್ಕು ಲಕ್ಷ ವರ್ಷ ಐತಲ್ಲ!”

ಮನೆ ಮುಟ್ಟುವತನಕ ಆಚಾರ್ಯರು ಕೈಯಲ್ಲಿದ್ದ ಪಂಚಾಂಗದಿಂದಲೇ ಗಾಳಿ ಹಾಕಿಕೊಂಡರು.

ನಮ್ಮ ಮಾಮು

ಬೇರೆಯವರದಷ್ಟೇ ಹೇಳಿ ನಮ್ಮವರದು ಬಿಟ್ಟರೆ ಅನ್ಯಾಯವಾದೀತು. ಕಿತ್ತೂರಿನಲ್ಲಿ ನಮ್ಮ ಸೋದರಮಾವನೇ ನನ್ನನ್ನು ಮನೆಗೆ ಕರೆಸಿ ಬೈದ.

“ಬಿಸಲು, ಮಳಿ ಎಲ್ಲಾ ಅಲ್ಲಾನ ಕೈಯಾಗ ಐತಿ. ಮನಶ್ಯಾ ಹವಾ ಬದಲಿ ಮಾಡ್ಯಾನ ಅಂತ ಮೈಕಿನ್ಯಾಗ ಹೇಳ್ತೀಯಲ್ಲ, ಎಷ್ಟು ಸೊಕ್ಕಿನ ಮಾತದು!”

ಎಂಟು ದಿನ ಬಿಟ್ಟು ಅವನೇ ಒಂದು ಚೀಟಿ ತಂದ. ಮಳೆಗಾಗಿ ಬಯಲಿನಲ್ಲಿ ನಮಾಜು, ಎಲ್ಲರೂ ಬರಬೇಕು, ಬೆಳಿಗ್ಗೆ ಏಳಕ್ಕೆ.

“ಏಳಕ್ಕ ಯಾಕ ಮಾಮು? ಹನ್ನೊಂದಕ್ಕ ಇಡ್ರಿ, ಭಾಳ ಮಂದಿ ಬರ್ತಾರ.”

“ಹುಚ್ಚಾ, ಹನ್ನೊಂದರ ಬಿಸಲಾಗ ಯಾರು ನಿಲ್ಲಾವ್ರು?”

“ಬಿಸಲು ಅಲ್ಲಾನ ಕೈಯಾಗ ಐತಿ ಅಂದಿದ್ರಿ?”

“ಬಿಸಲು ಅವನ ಕೈಯಾಗ ಐತಿ. ತಲಿ ನಂದಲ್ಲೇನ?”

ಸವದತ್ತಿಯ ಪಾಪ

ಸವದತ್ತಿ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತಿದ್ದವರೊಬ್ಬರು ಚೀಟಿಯನ್ನು ಪೂರ್ತಿ ಕೇಳಿ ತಲೆ ಅಲ್ಲಾಡಿಸಿದರು. “ಹೊಗಿ ಅಲ್ಲ, ಏನೂ ಅಲ್ಲ. ಪಾಪ ಹೆಚ್ಚಾಗೈತಿ. ಹೆಣ್ಮಕ್ಕಳು ವಾರ, ಉಪಾಸ ಬಿಟ್ರು. ಅದಕ್ಕ ದೇವಿ ಮಳಿ ನಿಲ್ಲಿಸ್ಯಾಳ.”

ಸುತ್ತಲಿದ್ದ ಗಂಡಸರೆಲ್ಲ ಹೌದು ಹೌದೆಂದರು. ಪಕ್ಕದಲ್ಲಿ ಮೆಂತ್ಯೆ ಸೊಪ್ಪು ಮಾರುತ್ತಿದ್ದ ಅಜ್ಜಿ ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಹೇಳಿದಳು:

“ಪಾಪಕ್ಕ ಮಳಿ ನಿಲ್ಲೂದಿದ್ರ, ನಾ ಲಗ್ನಾಗಿ ಬಂದಾಗಿಂದ ಈ ಊರಾಗ ಒಂದು ಹನಿ ಬೀಳಬಾರದಾಗಿತ್ತು. ನಿಮ್ಮೆಲ್ಲಾರ ಅಪ್ಪಂದಿರನ್ನೂ ನಾ ಬಲ್ಲೆ.”

ಚಹಾ ಅಂಗಡಿ ತಕ್ಷಣ ಖಾಲಿಯಾಯಿತು.

ರಾಮದುರ್ಗದ ಮನೆಮಗಳು

ಮಳೆ ಬಂತು, ಬರಬಾರದಷ್ಟು ಬಂತು. ಈಗ ಚೀಟಿಯಲ್ಲಿ ಒಂದೇ ಸಾಲು: “ಅಣೆಕಟ್ಟಿನಿಂದ ಮಲಪ್ರಭೆಗೆ ನೀರು ಬಿಟ್ಟಿದ್ದಾರೆ, ಮನೆ ಬಿಡಿರಿ.” ರಾಮದುರ್ಗದ ಹೊಳೆದಂಡೆಯ ಓಣಿಯಲ್ಲಿ ಬೆಳಿಗ್ಗೆಯಿಂದ ನಾಲ್ಕು ಸಲ ಓದಿದೆ. ಒಬ್ಬರೂ ಕದಲಲಿಲ್ಲ. ಎಲ್ಲರ ಕಣ್ಣು ಹಿಟ್ಟಿನ ಗಿರಣಿಯ ಸಾವಕಾರರ ಮೇಲೆ. ಅವರು ಹೊರಟರೆ ಓಣಿ ಹೊರಡುತ್ತದೆ.

ಸಾವಕಾರರು ಕಟ್ಟೆಯ ಮೇಲೆ ಆರಾಮಾಗಿ ಕುಳಿತಿದ್ದರು. “ಹವಾಮಾನ ಗಿವಾಮಾನ ನಮಗ ಹೇಳಬ್ಯಾಡ. ಹೊಳಿ ಅಂದ್ರ ಗಂಗವ್ವ, ಈ ಓಣಿ ಮನಿಮಗಳು. ವರ್ಷ ವರ್ಷ ತವರಿಗೆ ಬರತಾಳ, ಉಡಿ ತುಂಬತೇವಿ, ಮೆಟ್ಟಲದಿಂದನ ತಿರುಗಿ ಹೋಗತಾಳ. ಮಗಳು ಎಲ್ಲರೆ ತವರು ಮುಳುಗಿಸ್ತಾಳೇನು?”

ನೀರು ಕಟ್ಟೆಯ ಎರಡನೆಯ ಮೆಟ್ಟಿಲಿಗೆ ಬಂದಿತ್ತು. ಅವರು ನೀರಿಗೆ ಕುಪ್ಪಸದ ಖಣ, ಕಾಯಿ, ಅರಿಷಿಣ ಕುಂಕುಮ ಬಿಟ್ಟರು. ನೀರು ಖಣವನ್ನು ಒಯ್ದು ಮೂರನೆಯ ಮೆಟ್ಟಿಲಿಗೆ ಬಂತು. ಅಲ್ಲಿಯವರೆಗೆ ನನಗೆ ಎಲ್ಲ ತಮಾಷೆಯಾಗಿತ್ತು, ಈಗ ಹೆದರಿಕೆಯಾಯಿತು. ಆ ಓಣಿಯಲ್ಲಿ ತೊಟ್ಟಿಲ ಕೂಸುಗಳೂ ಇದ್ದವು. ಮೈಕನ್ನು ಸೀಟಿನ ಮೇಲೆ ಇಟ್ಟು ಅವರ ಕೈ ಹಿಡಿದೆ. “ಸಾವಕಾರ್ರ, ನಿಮ್ಮ ಕಾಲು ಬೀಳತೇನಿ, ಏಳ್ರಿ.” ಅವರು ಏಳಲಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಒಂದು ಟ್ರಂಕು ಎತ್ತಿಕೊಂಡು ಹೊರಬಂದರು. ಟ್ರಂಕನ್ನು ಟಂಟಂ ಒಳಗೆ ತಳ್ಳಿ, ತಾವೂ ಮುಂದಿನ ಸೀಟಿನಲ್ಲಿ ಮೈಕಿನ ಪಕ್ಕ ಕುಳಿತರು.

“ಏನ್ರೀ, ಕೇಳ್ರಿ ಇಲ್ಲೆ! ನಿಮ್ಮ ಮಗಳು ತವರಿಗೆ ಬಂದಾಳಲ್ಲ? ಹೋಳಿಗಿ ಮಾಡಿ ಬಡಿಸ್ರಿ. ಹಾಸಿಗಿ ಹಾಸಿಕೊಡ್ರಿ. ಇಪ್ಪತ್ತು ವರ್ಷದಿಂದ ಬಂದವರಿಗೆಲ್ಲಾ ನಾನ ಮಾಡೀನಿ, ಈಕೀಗೆ ನೀವ ಮಾಡ್ರಿ. ನನಗೂ ತವರೈತಿ, ನಾ ಹೊಂಟೆ!”

ಮೈಕು ಬಂದ್ ಮಾಡಿರಲಿಲ್ಲ. ಎರಡೂ ಸ್ಪೀಕರಿನಲ್ಲಿ ಈ ಮಾತು ಓಣಿಯ ತುದಿಯವರೆಗೂ ಕೇಳಿತು. ಆಮೇಲೆ ಒಂದೊಂದೇ ಮನೆಯಿಂದ ಹೆಂಗಸರು ಕೂಸು, ಗಂಟು, ಟ್ರಂಕುಗಳೊಡನೆ ಹೊರಬಿದ್ದರು. ಗಂಡಸರು ಅವರ ಹಿಂದೆ ಬಂದರು. ನನ್ನ ಚೀಟಿ ನಾಲ್ಕು ಸಲಕ್ಕೆ ಮಾಡದ ಕೆಲಸ ಅದು. ಕೊನೆಗೆ ಸಾವಕಾರರು ಧೋತರ ಎತ್ತಿಕೊಂಡು, ಮೊಣಕಾಲುಮಟ್ಟ ನೀರಿನಲ್ಲಿ ಬಂದು, ಟಂಟಂ ಹಿಂದೆ ಕುಳಿತರು. ಎತ್ತರದಲ್ಲಿದ್ದ ಶಾಲೆ ಮುಟ್ಟುವತನಕ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರುದಿನ ಓಣಿಯ ಮನೆಗಳ ಛಾವಣಿಗಳಷ್ಟೇ ಕಾಣುತ್ತಿದ್ದವು. ಮಂದಿ ಮಾತ್ರ ಎಲ್ಲರೂ ಶಾಲೆಯಲ್ಲಿದ್ದರು, ಕೂಸುಗಳ ಸಮೇತ. ನಾನು ಸಾವಕಾರರ ಪಕ್ಕ ಕುಳಿತು, “ಈಗರೆ ಒಪ್ತೀರೇನ್ರಿ, ಹವಾಮಾನ ಬದಲಾಗೈತಿ ಅಂತ?” ಎಂದೆ.

ಅವರು ಹೊಳೆಯನ್ನೇ ನೋಡುತ್ತಾ ಹೇಳಿದರು:

“ಹವಾಮಾನ ಏನೂ ಬದಲಾಗಿಲ್ಲೋ ತಮ್ಮಾ. ಮಗಳದೂ ತಪ್ಪಿಲ್ಲ. ಈ ಸಲ ಬೀಗರನ್ನೆಲ್ಲಾ ಕರಕೊಂಡು ಬಂದಾಳ.”