ಮೂವತ್ತಾರೇ ಗುಂಡಿ

ಮೇಜಿನ ಮೇಲೆ ಹೊಸದೇನಾದರೂ ಇಟ್ಟರೆ ನಮ್ಮ ಕಡೆಯ ಜನ ಸುಮ್ಮನೆ ದಾಟಿ ಹೋಗುವವರಲ್ಲ. ಏನಾದರೂ ಒಂದು ಆಗಿಯೇ ತೀರುತ್ತದೆ. ನಾನು ತಾಲ್ಲೂಕು ಕಚೇರಿಯ ವರಾಂಡದಲ್ಲಿ ಕೂತು ಮಂದಿಯ ಅರ್ಜಿ ಟೈಪ್ ಮಾಡುವವನು. ಮಣಿಕಟ್ಟಿನ ನೋವಿಗೆ ಶಹಾಬಾದಿನ ಡಾಕ್ಟರು, "ಕೀಬೋರ್ಡರೆ ಬದಲು ಮಾಡ್ರಿ, ಇಲ್ಲಾ ಕೆಲಸರೆ ಬಿಡ್ರಿ" ಎಂದುಬಿಟ್ಟರು. ಕೆಲಸ ಬಿಟ್ಟು ತಿನ್ನುವುದೇನು? ಎರಡು ಹೋಳಿನ, ಮೂವತ್ತಾರೇ ಗುಂಡಿಯ ಕೀಬೋರ್ಡ್ ತರಿಸಿದೆ. ಯಾವ ಗುಂಡಿಗೆ ಯಾವ ಅಕ್ಷರ ಬೇಕೋ ನಾವೇ ಕೂರಿಸಬಹುದು! ಹೆಬ್ಬೆರಳಿನ ಗುಂಡಿ ಒತ್ತಿ ಹಿಡಿದರೆ ಅವೇ ಗುಂಡಿಗಳಿಂದ ಬೇರೆ ಅಕ್ಷರಗಳು! ಖುಷಿಗೆ ಎರಡು ದಿನ ಊಟ ಸೇರಲಿಲ್ಲ.

೧. ಬಸ್ಸಿನಲ್ಲಿ

ಬೆರಳಿಗೆ ಹೊಸ ಜಾಗ ರೂಢಿಯಾಗಬೇಕಲ್ಲ. ವಾಡಿಯಿಂದ ಚಿತ್ತಾಪುರಕ್ಕೆ ಹೋಗುವ ಬಸ್ಸಿನಲ್ಲಿ ಎರಡೂ ಮೊಣಕಾಲ ಮೇಲೆ ಬೆರಳಾಡಿಸುತ್ತ, ತುಟಿಯಲ್ಲೇ ಕ, ತ, ರ ಎನ್ನುತ್ತ ಕೂತಿದ್ದೆ. ಪಕ್ಕದ ಅಜ್ಜಿ ಬಹಳ ಹೊತ್ತು ನೋಡಿ ಕೇಳಿದಳು, "ಜಪ ಮಾಡಾಕತ್ತೀರೇನ್ರಿ ಯಪ್ಪಾ?"

"ಹೂಂ, ಹಂಗೇ ತಿಳೀರಿ ಯವ್ವಾ."

"ಮಂದಿ ಒಂದ್ ಕೈಲೆ ಮಾಡ್ತಾರ. ನೀವು ಎರಡೂ ಕೈ ಹಚ್ಚೀರಿ. ಅಂಥಾದ್ದೇನ್ ಪಾಪ ಮಾಡೀರಿ?"

೨. ಕಿರುಬೆರಳಿನವರು

ಹೆಚ್ಚು ಬಳಸುವ ಅಕ್ಷರ ಗಟ್ಟಿ ಬೆರಳಿಗೆ, ಕಡಿಮೆ ಬಳಸುವವು ಕಿರುಬೆರಳಿಗೆ. ಕಚೇರಿಯ ಗುಮಾಸ್ತರು ಬಂದು ನೋಡಿದರು.

"ಈ ಙ, ಞ ಯಾವಾಗ ಬಳಸ್ತೀರಿ?"

"ಇಲ್ಲಿ ಕುಂತಾಗಿಂದ ಒಮ್ಮೆನೂ ಇಲ್ಲರಿ."

"ಮತ್ತ ತೆಗೀರಿ."

"ವರ್ಣಮಾಲಿಯಾಗ ಅದಾವಲ್ರಿ, ಹೆಂಗ ತೆಗೀಲಿ?"

ಗುಮಾಸ್ತರು ತಲೆಯಾಡಿಸಿದರು. "ಕಾಯಂ ನೌಕರ್ರು ಅನ್ರಿ ಹಂಗಾದ್ರ."

೩. ಉಳಿದ ಒಂದು

ಎಲ್ಲ ಕೂರಿಸಿದ ಮೇಲೂ ಒಂದು ಗುಂಡಿ ಉಳಿಯಿತು. ನನ್ನ ಬಳಿ ಬರುವ ಅರ್ಜಿಗಳಲ್ಲಿ ಅರ್ಧ ಹೊಲದ ದಾರಿಯ ಜಗಳವೇ. ಒಮ್ಮೆ ಒತ್ತಿದರೆ ಇಡೀ ಸಾಲು ಬೀಳುವಂತೆ ಮಾಡಿದೆ: "ನನ್ನ ಹೊಲದ ದಾರಿಗೆ ಪಕ್ಕದ ಹೊಲದವರು ಮುಳ್ಳುಕಂಟಿ ಹಾಕಿದ್ದಾರೆ, ಕೇಳಿದರೆ ಬೈಯುತ್ತಾರೆ." ಮಣಿಕಟ್ಟಿಗೆ ಸ್ವರ್ಗ!

ಒಂದು ದಿನ ಮುಂಜಾನೆ ರೈತರೊಬ್ಬರು ಬಂದರು, ಮಧ್ಯಾಹ್ನ ಇನ್ನೊಬ್ಬರು. ಇಬ್ಬರ ತಕರಾರೂ ಅದೇ. ಇಬ್ಬರಿಗೂ ಗುಂಡಿ ಒತ್ತಿದೆ. ಅವರು ಒಬ್ಬರಿಗೊಬ್ಬರು ಪಕ್ಕದ ಹೊಲದವರು ಎಂದು ತಿಳಿದದ್ದು ತಹಶೀಲ್ದಾರ್ ಸಾಹೇಬರು ನನ್ನನ್ನು ಒಳಗೆ ಕರೆದಾಗ. ಎರಡೂ ಅರ್ಜಿ ಅವರ ಕೈಯಲ್ಲಿ, ಇಬ್ಬರು ರೈತರೂ ಅವರ ಎದುರಿಗೆ. ಹೆಸರು ಬಿಟ್ಟರೆ ಅಕ್ಷರಕ್ಕೆ ಅಕ್ಷರ ಒಂದೇ. ವರಾಂಡದಿಂದ ನನ್ನ ಮೇಜು ಎದ್ದಿತೆಂದೇ ತಿಳಿದು, ಗುಂಡಿಯ ವಿಷಯ ಒಪ್ಪಿಕೊಂಡೆ.

ರೈತರಲ್ಲಿ ಹಿರಿಯರು ಹೇಳಿದರು, "ಇರ್ಲಿ ಬಿಡ್ರಿ ಸಾಹೇಬ್ರ. ಇಷ್ಟ್ ವರ್ಷದಾಗ ನಾವಿಬ್ರೂ ಒಂದೇ ಮಾತ ಆಡಿದ್ದು ಇದೇ ಮೊದಲು."

ಸಾಹೇಬರು ನಗಲಿಲ್ಲ. "ಆ ಕೀಬೋರ್ಡ್ ತರ್ರಿ ಇಲ್ಲಿ" ಎಂದರು. ತಂದು ಅವರ ಮೇಜಿನ ಮೇಲಿಟ್ಟೆ. ತಿರುವಿ ತಿರುವಿ ನೋಡಿ ಮೆಲ್ಲಗೆ ಹೇಳಿದರು, "ನನಗೂ ಒಂದು ತರಸ್ರಿ. 'ಪರಿಶೀಲಿಸಲಾಗುವುದು' ಅಂತ ಒಂದ್ ಗುಂಡಿ ಇದ್ರ ಸಾಕು. ಉಳಿದ ಮೂವತ್ತೈದೂ ನೀವೇ ಇಟ್ಕೊಳ್ರಿ."