ಒಂದಾಣೆ ಊಟದ ಪಟ್ಟಿ

ಹೊಸ ಊರಿನಲ್ಲಿ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದವನಿಗೆ ಏನಾದರೊಂದು ಆಗಿಯೇ ಆಗುತ್ತದೆ. ನನಗೆ ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕು ಸಲ ಆಯಿತು.

ಬಿ.ಎಸ್ಸಿ. ಮುಗಿಸಿ ಮಧುಗಿರಿಯ ಒಂದು ಕಚೇರಿಯಲ್ಲಿ ಹಂಗಾಮಿ ಕೆಲಸಕ್ಕೆ ಸೇರಿದ್ದೆ. ಬೆಟ್ಟ, ಕೋಟೆ ನೋಡಲು ಬೆಂಗಳೂರು, ಮೈಸೂರು ಕಡೆಯಿಂದ ಬರುವವರು ನಮ್ಮ ಸಾಹೇಬರ ಬಳಿ ಒಂದೇ ದೂರು ಹೇಳುತ್ತಿದ್ದರು: ಊಟ ದುಬಾರಿ, ರುಚಿಯೂ ಇಲ್ಲ. ಸಾಹೇಬರು ನನ್ನನ್ನು ಕರೆದು, ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸುತ್ತಿ, ಒಂದಾಣೆಯೊಳಗೆ ಈ ಕಡೆಯ ಊಟ ಚೆನ್ನಾಗಿ ಸಿಗುವ ಜಾಗಗಳ ಪಟ್ಟಿ ಮಾಡಲು ಹೇಳಿದರು. ಅದನ್ನು ಅಚ್ಚು ಹಾಕಿಸಿ ಹಂಚುವುದಿತ್ತು. ಪಟ್ಟಿ ಸರಿಯಾದರೆ ನನ್ನ ಕೆಲಸ ಖಾಯಂ. ಇಲ್ಲವಾದರೆ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಬೇಕು.

ಕಾಗದಕ್ಕೆ ಗೆರೆ ಎಳೆದು ಸ್ಥಳ, ಪದಾರ್ಥ, ದರ, ಪ್ರಮಾಣ, ರುಚಿ ಎಂದು ಐದು ಕಲಂ ಮಾಡಿಕೊಂಡೆ. ರುಚಿಗೆ ಹತ್ತು ಅಂಕ.

೧. ಸಿರಾ

ಮೋಟಾರು ನಿಲ್ಲುವ ಜಾಗದ ಎದುರಿಗೇ ಒಬ್ಬ ಮುದುಕರ ಅಂಗಡಿ. ಕಿಚಡಿ, ಹುಣಸೆ ಗೊಜ್ಜು. ಮುಕ್ಕಾಲಾಣೆ. ಎರಡು ಸೌಟು ಬಡಿಸಿ, ಮೂರನೆಯದನ್ನು ಎತ್ತಿ ಹಿಡಿದು, "ಬಸ್?" ಎಂದು ಕೇಳಿದರು.

ನಾನು ರಸ್ತೆಯತ್ತ ನೋಡಿದೆ. "ಇನ್ನೂ ಇಲ್ಲ," ಎಂದೆ.

ಬಡಿಸಿದರು. ತಿಂದೆ. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ಐದನೆಯ ಸಲ, ಇವತ್ತು ತಡವಾಗುವ ಹಾಗೆ ಕಾಣುತ್ತದೆ ಎಂದೆ. ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಒಳಗಿನಿಂದ ಪಾತ್ರೆಯನ್ನೇ ತಂದಿಟ್ಟರು. ಪಕ್ಕದಲ್ಲಿ ಉಣ್ಣುತ್ತಿದ್ದವನಿಗೆ ಕನಿಕರವಾಯಿತು. "ಸಾಕಾದ್ರೆ ಬಸ್ ಅನ್ಬೇಕು ಸ್ವಾಮಿ. ಅವ್ರು ಮೋಟಾರು ಕೇಳ್ತಿಲ್ಲ, ಹೊಟ್ಟೆ ಕೇಳ್ತಾವ್ರೆ."

ಅಷ್ಟರಲ್ಲಿ ನಿಜವಾದ ಬಸ್ಸೂ ಬಂತು, ಹೊರಟೂ ಹೋಯಿತು. ನನಗೆ ಏಳಲಾಗಲಿಲ್ಲ. ಪ್ರಮಾಣದ ಕಲಂನಲ್ಲಿ 'ಬಸ್ಸು ಬರುವವರೆಗೆ' ಎಂದು ಬರೆದೆ.

೨. ಪಾವಗಡದ ಕಡೆ

ನಿಡುಗಲ್ ಬೆಟ್ಟ ಇಳಿದು ಬಂದಾಗ ಹಸಿವು ಜೋರಾಗಿತ್ತು. ಕುರಿ ಹಟ್ಟಿಯ ಪಕ್ಕದ ಮನೆಯ ಮುಂದೆ ಒಬ್ಬ ಅಜ್ಜಿ ಕುಳಿತಿದ್ದಳು. ದಾರಿಹೋಕರಿಗೆ ಅನ್ನ ನೀರು ಕೊಡುವವಳು ಅವಳೇ ಎಂದು ಕುರಿ ಕಾಯುವವರು ಹೇಳಿದ್ದರು. ಆ ಕಡೆ ಮಾತು ಅರ್ಧ ತೆಲುಗು. ನನಗೆ ತೆಲುಗಿನಲ್ಲಿ ಬರುತ್ತಿದ್ದದ್ದು ಎಣಿಕೆ, ಮತ್ತೆ ನಾಲ್ಕೈದು ಮಾತು.

"ಸಂಗಟಿ ಕಾವಾಲಾ ನಾಯನಾ?" ಎಂದಳು.

ನನ್ನ ಕಿವಿಗೆ ಅದು ಸಂಗಾತಿ ಎಂದು ಬಿತ್ತು. ಬೇಕೇ ಎಂದು ಕೇಳುತ್ತಿದ್ದಾಳೆ ಎಂಬುದಷ್ಟೇ ಖಚಿತವಾಗಿ ಅರ್ಥವಾದದ್ದು. ಒಂದೋ ಎರಡೋ ಎಂದೂ ಅವಳೇ ಕೇಳಿದಳು. "ಒಕಟಾ, ರೆಂಡಾ?"

ನಮ್ಮ ಮನೆತನದಲ್ಲಿ ಒಂದೇ ಪದ್ಧತಿ, ಅದಕ್ಕೂ ತಾಯಿಯನ್ನು ಕೇಳಬೇಕು ಎಂದು ವಿನಯದಿಂದ ಹೇಳಿದೆ.

ಅಜ್ಜಿ ಒಳಕ್ಕೆ ಮುಖ ಮಾಡಿ ಸೊಸೆಗೆ ಹೇಳಿದಳು: "ಸಂಗಟಿ ಒಂದೇ ಮುದ್ದೆ ಇಕ್ಕಮ್ಮಾ. ಇನ್ನೊಂದಕ್ಕೆ ಅವರಮ್ಮಂಗೆ ಕಾಗದ ಬರೀತಾನಂತೆ."

೩. ಕೊರಟಗೆರೆ

ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯನ್ನು, ಈ ಊರಿನಲ್ಲಿ ಎಲ್ಲಿ ಉಂಡರೆ ಚೆನ್ನ ಎಂದು ಕೇಳಿದೆ. ನಮ್ಮನೆಯಲ್ಲಿ ಎಂದು ಹೇಳಿ ಕರೆದುಕೊಂಡೇ ಹೋದರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಗಟ್ಟಿ ಮೊಸರು. ಒಂಬತ್ತೂವರೆ ಅಂಕ. ಕೈ ತೊಳೆದು, ಪೆನ್ಸಿಲು ತೆಗೆದು, ದರ ಎಷ್ಟು ಎಂದೆ. ಕಲಂ ಖಾಲಿ ಬಿಡುವ ಹಾಗಿರಲಿಲ್ಲ.

ವ್ಯಾಪಾರಿಯ ಮುಖ ಕಪ್ಪಿಟ್ಟಿತು. ಅವರ ಹೆಂಡತಿ ಅಡುಗೆಮನೆಯಿಂದ, ಅವರೇನು ಕೇಳುತ್ತಿದ್ದಾರೆ ಎಂದು ವಿಚಾರಿಸಿದರು. ನಿನ್ನ ರೊಟ್ಟಿಗೆ ಎಷ್ಟು ಅಂತ ಎಂದರು ಗಂಡ. ಒಳಗಿನಿಂದಲೇ ಉತ್ತರ ಬಂತು.

"ಹದಿನೆಂಟು ವರ್ಷದಿಂದ ನೀವು ಎಷ್ಟು ಕೊಟ್ಟಿದೀರೋ ಅಷ್ಟೇ ಬರ್ಕೊಳ್ಳಾಕೆ ಹೇಳಿ."

ಸೊನ್ನೆ ಬರೆದುಕೊಂಡೆ.

೪. ಮಧುಗಿರಿ

ಮಧುಗಿರಿಯಲ್ಲಿ ನನಗೆ ಶ್ರಮವೇ ಆಗಲಿಲ್ಲ. ಬೆಟ್ಟದ ಕಡೆಯ ಓಣಿಯಲ್ಲಿ ಒಂದು ಹಿತ್ತಿಲ ಬಾಗಿಲು. ಮಧ್ಯಾಹ್ನ ಅಲ್ಲಿ ನಾಲ್ಕೈದು ಜನ ಎಲೆ ಹಿಡಿದು ಕೂರುತ್ತಿದ್ದರು. ಅಡುಗೆಯವನು ಅನ್ನ, ಹುರುಳಿಕಟ್ಟಿನ ಸಾರು, ಒಂದು ಪಲ್ಯ ಬಡಿಸುತ್ತಿದ್ದ. ಒಂದಾಣೆ. ನಾನು ಹತ್ತಕ್ಕೆ ಹತ್ತು ಕೊಟ್ಟದ್ದು ಅದೊಂದಕ್ಕೇ. ಪಟ್ಟಿಯ ಮೊದಲ ಸಾಲಿಗೆ ಹಾಕಿದೆ.

ಅಚ್ಚಿಗೆ ಕೊಡುವ ಮುನ್ನ ಮೊದಲ ಸಾಲನ್ನಾದರೂ ತಾವೇ ಉಂಡು ನೋಡಬೇಕೆಂದರು ಸಾಹೇಬರು. ಕಚೇರಿಯಿಂದ ನೇರವಾಗಿ ಹೊರಟೆವು. ಓಣಿಯ ಮಧ್ಯದಲ್ಲಿ ಅವರ ನಡಿಗೆ ನಿಧಾನವಾಯಿತು. ಬಾಗಿಲ ಮುಂದೆ ನಿಂತೇಬಿಟ್ಟರು.

"ಇದು ನಮ್ಮನೆ," ಎಂದರು.

ಅವರ ಮನೆಯ ಮುಂಬಾಗಿಲು ಪೇಟೆ ಬೀದಿಗಿತ್ತು. ನಾನು ಆ ಕಡೆ ಹೋದವನೇ ಅಲ್ಲ. ನನ್ನ ಕೆಲಸ ಹೋಯಿತು ಎಂದುಕೊಂಡೆ.

ಅಡುಗೆಯವನು ಬಗ್ಗಿ ಸಾರು ಬಡಿಸುತ್ತಿದ್ದ. ನಮ್ಮ ಕಾಲು ಮಾತ್ರ ಅವನಿಗೆ ಕಂಡಿರಬೇಕು. ತಲೆಯೆತ್ತದೆ ಹೇಳಿದ: "ಎಲೆ ಹಾಕ್ಕೊಂಡು ಕೂತ್ಕಳಿ. ಬಿರ್ರನೆ ಮುಗುಸ್ಬುಡಿ, ಸಾಹೇಬ್ರು ಉಣ್ಣಾಕೆ ಬರೋ ಹೊತ್ತಾಯ್ತು."

ಸಾಹೇಬರು ಎಲೆ ಹಾಕಿಕೊಂಡು ಕುಳಿತರು. ಉಂಡರು. ಎರಡನೆಯ ಸಲ ಸಾರು ಹಾಕಿಸಿಕೊಂಡ ಮೇಲೆ ಕೇಳಿದರು: "ನನಗೆ ಒಳಗೆ ಬಡಿಸೋ ಸಾರು ಹೀಗಿರೋದಿಲ್ಲವಲ್ಲ?"

ಆಗ ಅವನು ತಲೆಯೆತ್ತಿದ. ಸೌಟು ಗಾಳಿಯಲ್ಲೇ ನಿಂತಿತು. ಓಡಿಹೋಗುತ್ತಾನೆ ಎಂದು ನಾನು ಎಣಿಸಿದ್ದೆ. ಆದರೆ ಅವನು ಸ್ವಲ್ಪ ಯೋಚಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಇವ್ರು ರುಚಿ ಕೆಟ್ರೆ ನಾಳೀಕೆ ಬರಾಕಿಲ್ಲ ಬುದ್ಧಿ. ತಾವು ಎಂಗಿದ್ರೂ ಬರ್ತೀರಲ್ಲ."

ಸಾಹೇಬರು ಎದ್ದು ಕೈ ತೊಳೆದರು. ಕಚೇರಿಗೆ ಬಂದು ಪಟ್ಟಿ ತರಿಸಿಕೊಂಡು, ಮೊದಲ ಸಾಲನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ 'ಸ್ಥಳಾವಕಾಶವಿಲ್ಲ' ಎಂದು ಬರೆದರು. ಅದರ ಕೆಳಗೇ ನನ್ನನ್ನು ಖಾಯಂ ಮಾಡುವ ಶಿಫಾರಸು ಬರೆದು ರುಜು ಹಾಕಿದರು.

ಮಾರನೆಯ ದಿನ ಮಧ್ಯಾಹ್ನ ನಾನು ಓಣಿಗೆ ಹೋಗುವಷ್ಟರಲ್ಲಿ ಸಾಹೇಬರು ಸಾಲಿನ ಮೊದಲನೆಯವರಾಗಿ ಕುಳಿತಿದ್ದರು. ಒಂದಾಣೆಯನ್ನು ಎಲೆಯ ಪಕ್ಕ ಮುಂಗಡವಾಗಿಯೇ ಇಟ್ಟಿದ್ದರು.