ಮೈನಸ್ ಒಂದನೇ ಗುಳಿ

ನಮ್ಮ ಅತ್ತೆಯ ತಲೆ ಕೆಡಿಸಿದ್ದು ಭಾಗಾಕಾರ ಎಂದರೆ ನೀವು ನಂಬಲಿಕ್ಕಿಲ್ಲ! ಪುತ್ತೂರಿನ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮದುವೆಯ ಗೋಜಿಗೇ ಹೋಗದವರು, ಬಸ್‌ಸ್ಟ್ಯಾಂಡಿನ ಹಿಂದಿನ ಫ್ಲ್ಯಾಟಿನಲ್ಲಿ ಒಬ್ಬರೇ. ಭಾಗಲಬ್ಧ ಯಾರಿಗಾದರೂ ಹೋಗಲಿ, ಅವರಿಗೆ ಶೇಷ ಬೇಕು. ಏಳು ಚಕ್ಕುಲಿಯನ್ನು ಮೂವರಿಗೆ ಹಂಚಿ, "ಶೇಷ ಒಂದು, ಅದು ಟೀಚರಿಗೆ" ಎಂದು ಬಾಯಿಗೆ ಹಾಕಿಕೊಳ್ಳುವ ಹೆಂಗಸು!

ಇಂಥವರು ಅರವತ್ತು ದಾಟಿದ ಮೇಲೆ ವಿಡಿಯೋ ನೋಡಿ ಕಂಪ್ಯೂಟರ್ ಗೇಮ್ ಬರೆಯಲು ಕಲಿತರು. ಬಂದೂಕು, ಕಾರು ಎಂದುಕೊಂಡಿರಾ? ಚೆನ್ನೆಮಣೆ! ಹದಿನಾಲ್ಕು ಗುಳಿಯ ಮಣೆಯಲ್ಲಿ ಮಂಜೊಟ್ಟಿ ಬೀಜದ ಕೆಂಪು ಕಾಯಿಗಳನ್ನು ಗುಳಿಗೊಂದರಂತೆ ಹಾಕುತ್ತ ಸುತ್ತುವ, ಮಳೆಗಾಲದ ನಮ್ಮ ಆಟಿ ತಿಂಗಳ ಆಟ.

"ಕೊನೆಯ ಗುಳಿ ಆದ ಮೇಲೆ ಮೊದಲನೆಯದು ಅಂತ ನಮ್ಮ ಕೈಗೆ ಗೊತ್ತುಂಟು. ಕಂಪ್ಯೂಟರಿಗೆ ಗೊತ್ತುಂಟಾ? ಅದು ಸೀದಾ ಮಣೆಯಿಂದ ಹೊರಗೆ ಹೋಗ್ತದೆ" ಎಂದು ನನಗೆ ಪಾಠ ಮಾಡಿದರು. "ಹಾಗಾಗಿ ಗುಳಿಗಳಿಗೆ ಸೊನ್ನೆಯಿಂದ ಹದಿಮೂರರವರೆಗೆ ನಂಬರ್. ಒಂದು ಕೂಡಿಸುದು, ಹದಿನಾಲ್ಕರಿಂದ ಭಾಗಿಸುದು, ಶೇಷ ಇಟ್ಟುಕೊಳ್ಳುದು. ಹದಿನಾಲ್ಕು ಬಂದರೆ ಶೇಷ ಎಂತ?"

"ಸೊನ್ನೆ."

"ಹಾಂ, ಮೊದಲ ಗುಳಿಗೆ ವಾಪಸ್!"

ನಲವತ್ತು ದಾಟಿದ ನಾನು ಎದ್ದು ನಿಂತು ಉತ್ತರ ಕೊಟ್ಟಿದ್ದೆ, ನೋಡಿ!

ಆಡಿದ್ದನ್ನು ಹಿಂದೆ ಪಡೆಯುವ ಬಟನ್ ಮಾಡಿದಾಗ ಮಾತ್ರ ಕಾಯಿಗಳು ಮಾಯವಾಗತೊಡಗಿದವು. ವಾರವಿಡೀ ಅತ್ತೆಗೆ ಊಟ ಸೇರಲಿಲ್ಲ. ಆಮೇಲೊಂದು ದಿನ ನಾನು ಬೆಳ್ಳಾರೆಯ ಬಸ್ಸಿನಲ್ಲಿ ನಿಂತಿದ್ದಾಗ ಫೋನ್.

"ಸಿಕ್ಕಿತು ಮಾರಾಯ! ಸೊನ್ನೆಯಿಂದ ಹಿಂದೆ ಹೋದರೆ ಮೈನಸ್ ಒಂದು. ಈ ಕಂಪ್ಯೂಟರ್ ಭಾಷೆಯಲ್ಲಿ ಶೇಷವೂ ಮೈನಸ್ ಒಂದೇ ಬರುದು! ಅಂಥ ಗುಳಿ ಎಲ್ಲುಂಟು? ಹದಿನಾಲ್ಕು ಕೂಡಿಸಿ ಮತ್ತೆ ಭಾಗಿಸಬೇಕು."

ಕಿವಿಗೊಟ್ಟಿದ್ದ ಕಂಡಕ್ಟರ್, "ಎಂತ ಸಿಕ್ಕಿದ್ದು ಮಾರಾಯ್ರೆ, ಬಂಗಾರವಾ?" ಎಂದ. "ಮೈನಸ್ ಒಂದು" ಎಂದೆ. ನಾನು ಇಳಿಯುವವರೆಗೂ ಅವನು ನನ್ನ ಹತ್ತಿರ ಸುಳಿಯಲಿಲ್ಲ.

ಇಷ್ಟೆಲ್ಲ ಯಾಕೆ? ಐವರ್ನಾಡಿನಲ್ಲಿ ಅವರ ಅಕ್ಕ, ನನ್ನ ದೊಡ್ಡತ್ತೆ ಇದ್ದರು. ಅವರಿಗೂ ಹಗಲು ಕಳೆಯುವುದೇ ಕಷ್ಟ. ಆದರೆ ಅಕ್ಕತಂಗಿ ಚೆನ್ನೆ ಆಡಬಾರದು, ಆಡಿದರೆ ಸಂಬಂಧ ಮುರಿಯುತ್ತದೆ ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಚಿಕ್ಕಂದಿನಿಂದ ಇಬ್ಬರೂ ಬೇರೆಯವರ ಜೊತೆ ಆಡಿದವರೇ. ಅತ್ತೆ ಅದಕ್ಕೊಂದು ದಾರಿ ಹುಡುಕಿದ್ದರು!

"ನಾನು ಆಡುದು ಕಂಪ್ಯೂಟರಿನ ಜೊತೆ. ಅಕ್ಕ ಆಡುದು ಅವಳ ಫೋನಿನ ಜೊತೆ. ಅವೆರಡು ಮಾತಾಡಿಕೊಂಡರೆ ನಾವೆಂತ ಮಾಡುದು?"

ಹಾಗೆ ಇಬ್ಬರೂ ಆಡಿದರು. "ನಿನ್ನ ಕಂಪ್ಯೂಟರ್ ಮೋಸ ಮಾಡ್ತದೆ" ಎಂದು ದೊಡ್ಡತ್ತೆ ಫೋನಿನಲ್ಲಿ ಜಗಳ ಕಾಯುವುದು, ಅತ್ತೆ ನಗುವುದು. ಆ ಫ್ಲ್ಯಾಟಿನಲ್ಲಿ ಅಷ್ಟು ನಗು ನಾನು ಕೇಳಿದ್ದೇ ಇಲ್ಲ. ಕಳೆದ ಮಳೆಗಾಲ, ಒಂದು ಆಟದ ನಡುವೆಯೇ ದೊಡ್ಡತ್ತೆ ತೀರಿಕೊಂಡರು.

ಮೊನ್ನೆ ಹೋದಾಗ ಪರದೆಯ ಮೇಲೆ ಅದೇ ಆಟವಿತ್ತು. ನಡೆಗಳ ಲೆಕ್ಕವನ್ನು ಎರಡರಿಂದ ಭಾಗಿಸಿ ಶೇಷ ಸೊನ್ನೆಯಾದರೆ ಅತ್ತೆಯ ಸರದಿ, ಒಂದಾದರೆ ದೊಡ್ಡತ್ತೆಯದು. ಅದು ಒಂದರಲ್ಲಿ ನಿಂತಿತ್ತು.

"ಅತ್ತೆ, ಅಲ್ಲಿ ಸ್ವಲ್ಪ ಬದಲಾಯಿಸಿದರೆ ಕಂಪ್ಯೂಟರೇ ಆಡ್ತದಲ್ಲ?" ಎಂದೆ.

"ಗೊತ್ತುಂಟು. ಅವಳ ಸರದಿಯನ್ನು ಬೇರೆಯವರಿಗೆ ಕೊಡುದು ಹೇಗೆ?"

ಅತ್ತೆ ಪಕ್ಕದ ಕುರ್ಚಿಯನ್ನು ನನ್ನ ಕಡೆ ಎಳೆದರು.

"ಕೂತ್ಕೋ. ಅವಳು ಆಡುದೇ ನಿಧಾನ, ಮಾರಾಯ. ಸ್ವಲ್ಪ ಕಾಯುವ."